ಇವರನ್ನು ಎಲ್ಲೋ ನೋಡಿದ ಹಾಗಿದೆಯಲ್ಲ!

ಪತ್ತೇದಾರಿ ಧಾರಾವಾಹಿ ನೋಡುವವರಲ್ಲಿ ಎರಡು ಪಂಗಡ. ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದದ್ದು ಹೇಗೆ, ಹಾಲಿನ ಲೋಟಕ್ಕೆ ವಿಷ ಸೇರಿದ್ದು ಯಾವಾಗ ಎಂದು ತಲೆ ಕೆಡಿಸಿಕೊಳ್ಳುವವರದು ಒಂದು. ಇನ್ನೊಂದು ಪಂಗಡಕ್ಕೆ ಕೊಲೆಯ ಗೊಡವೆಯೇ ಇಲ್ಲ. ತೆರೆಯ ಮೇಲೆ ಯಾರೋ ಡಾಕ್ಟರು ಬ್ಯಾಗು ಹಿಡಿದು ಒಳಗೆ ಕಾಲಿಟ್ಟರೆ ಸಾಕು, 'ಈ ಮನುಷ್ಯ ಹೋದ ತಿಂಗಳು ಪೂಜಾರಿಯಾಗಿ ಬಂದಿದ್ದನಲ್ಲವೇ?' ಎಂದು ಶುರು. ಪಕ್ಕದವರು ಸುಮ್ಮನಿರಿ ಎಂದರೂ ಕೇಳುವುದಿಲ್ಲ. ಆ ಮುಖ ಯಾವುದು, ಎಲ್ಲಿಯದು ಎಂದು ನೆನಪಾಗುವ ತನಕ ಅವರಿಗೆ ಊಟ ಸೇರದು.

ಈ ಚಟಕ್ಕೆ ದೇಶ ಭಾಷೆಗಳ ಹಂಗಿಲ್ಲ. ಅಮೆರಿಕದ 'ಕೊಲಂಬೊ' ಧಾರಾವಾಹಿಯಲ್ಲಿ ಜಾಕ್ ಕ್ಯಾಸಿಡಿ, ರಾಬರ್ಟ್ ಕಲ್ಪ್ ಮೂರು ಮೂರು ಸಲ, ಪ್ಯಾಟ್ರಿಕ್ ಮೆಕ್‌ಗೂಹನ್ ನಾಲ್ಕು ಸಲ ಬೇರೆ ಬೇರೆ ಹೆಸರಿನಲ್ಲಿ ಬಂದು ಕೊಲೆ ಮಾಡಿ ಅದೇ ಪತ್ತೇದಾರನ ಕೈಗೆ ಸಿಕ್ಕಿಬಿದ್ದರು. 1984ರಿಂದ 1996ರವರೆಗೆ ನಡೆದ 'ಮರ್ಡರ್ ಷಿ ರೋಟ್' ಹಾಲಿವುಡ್ಡಿನ ಹಳೆಯ ಮುಖಗಳಿಗೆ ಆಸರೆಯ ಮನೆಯೇ ಆಗಿತ್ತು. ಇಂಥವನ್ನು ನೋಡಿ ಪಳಗಿದವರಿಗೆ ಒಂದು ಗುಟ್ಟು ಗೊತ್ತು. ಚಿಕ್ಕ ಪಾತ್ರಕ್ಕೆ ದೊಡ್ಡ ನಟ ಬಂದಿದ್ದರೆ ಅಪರಾಧಿ ಆತನೇ. ಅಷ್ಟು ಸಂಭಾವನೆ ಕೊಟ್ಟು ಕರೆಸಿದವನನ್ನು ಬರೀ ಕಾಫಿ ತಂದುಕೊಡಲು ಇಟ್ಟುಕೊಳ್ಳುತ್ತಾರೆಯೇ?

ಕನ್ನಡ ಸಿನಿಮಾದಲ್ಲಿ ಈ ಲೆಕ್ಕ ಇನ್ನೂ ಸುಲಭವಾಗಿತ್ತು. ವಜ್ರಮುನಿಯೋ ತೂಗುದೀಪ ಶ್ರೀನಿವಾಸರೋ ಹುಬ್ಬು ಏರಿಸಿದ ಕೂಡಲೇ ರಹಸ್ಯ ಬಯಲು! ನಿರ್ದೇಶಕ ಉಳಿದ ಎರಡು ಗಂಟೆ ಪಡುವ ಪಾಡೆಲ್ಲ ಪೊಲೀಸರಿಗೆ ವಿಷಯ ತಿಳಿಸಲಿಕ್ಕೆ ಮಾತ್ರ. 1980ರ ದಶಕದಲ್ಲಿ ಊರಿಗೊಂದು ಟಿ.ವಿ. ಬಂದು, ಭಾನುವಾರ ಸಂಜೆಯ ಚಿತ್ರಕ್ಕೆ ಜಗಲಿ ತುಂಬ ಜನ ಸೇರುತ್ತಿದ್ದಾಗ ಪ್ರತಿ ಹಳ್ಳಿಯಲ್ಲೂ ಒಬ್ಬ ಮುಖಪತ್ತೇದಾರ ಇದ್ದೇ ಇರುತ್ತಿದ್ದ.

'ಲೇ, ಅವ್ನೇ ಕಣ್ಲಾ!'

'ಯಾರಣ್ಣಾ?'

'ಅದೇ ಕಣ್ಲಾ, ಹೋದ್ವಾರ ಇನ್ಸ್‌ಪೆಕ್ಟ್ರು ಆಗಿದ್ನಲ್ಲ, ಇವತ್ತು ಶಾನುಭೋಗ ಆಗವ್ನೆ.'

ಹೆಸರು ಮಾತ್ರ ಆತನಿಗೂ ಗೊತ್ತಿರುತ್ತಿರಲಿಲ್ಲ. ನಾಯಕ ನಾಯಕಿಯರ ಹೆಸರು ಗೋಡೆಯ ಮೇಲಿರುತ್ತದೆ. ಪೋಷಕ ನಟರದು ಮುಖ ಮಾತ್ರ.

ಈ ಎರಡನೆಯ ಪಂಗಡದವರು ಕೈಗೊಳ್ಳಬಹುದಾದ ಒಂದು ದಿನದ ಪ್ರವಾಸ ಬೆಂಗಳೂರಿನ ಮಗ್ಗುಲಲ್ಲೇ ಇದೆ. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ಹುಟ್ಟಿದಾಗ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳೂ ಇದರೊಳಗೇ ಇದ್ದವು. 2007ರಲ್ಲಿ ಅವು ಬೇರೆ ಜಿಲ್ಲೆಯಾಗಿ ಹೊರಟಾಗ 1975ರ 'ಶೋಲೆ'ಯ ರಾಮನಗರದ ಬಂಡೆಗಳನ್ನೂ, 'ಎ ಪ್ಯಾಸೇಜ್ ಟು ಇಂಡಿಯಾ'ಕ್ಕಾಗಿ ಡೇವಿಡ್ ಲೀನ್ ಆರಿಸಿಕೊಂಡ ಸಾವನದುರ್ಗವನ್ನೂ ತಮ್ಮೊಂದಿಗೆ ಕೊಂಡೊಯ್ದವು. ಸಿನಿಮಾದವರು ಮುಗಿಬಿದ್ದು ಬರುವಂಥ ಬೆಟ್ಟಗುಡ್ಡವೆಲ್ಲ ಹೆಚ್ಚುಕಡಿಮೆ ಆ ಕಡೆ ಹೋಯಿತು. ಈ ನಾಲ್ಕು ತಾಲ್ಲೂಕುಗಳ ಪಾಲಿಗೆ ಉಳಿದದ್ದು ಮುಖಗಳು. ಹೆಸರಾದರೂ ಉಳಿದೀತೇ ಎಂದರೆ ಅದೂ ಇಲ್ಲ. 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಈ ಜಿಲ್ಲೆಯನ್ನು 'ಬೆಂಗಳೂರು ಉತ್ತರ' ಎಂದು ಕರೆಯಲು ತೀರ್ಮಾನಿಸಿತು. ಪಾತ್ರ ಅದೇ, ಹೆಸರು ಬೇರೆ.

ನಸುಕಿನ ಹೊಸಕೋಟೆ

ಹೊರಡುವುದಾದರೆ ಹೊಸಕೋಟೆಯಿಂದ ಹೊರಡುವುದು ಮೇಲು, ಅದೂ ಭಾನುವಾರದ ನಸುಕಿಗೆ. ಕಾರಣ ಕಲೆಯಲ್ಲ, ಬಿರಿಯಾನಿ. ಸೌದೆ ಒಲೆಯ ಮೇಲಿನ ಹಂಡೆಯ ಮುಚ್ಚಳ ತೆಗೆಯುವುದಕ್ಕೆ ಮುಂಚೆಯೇ, ಇನ್ನೂ ಕತ್ತಲಿರುವಾಗಲೇ, ಬೆಂಗಳೂರಿನಿಂದ ಬಂದ ಕಾರು ಬೈಕುಗಳು ರಸ್ತೆಯ ಪಕ್ಕ ಸಾಲುಗಟ್ಟಿರುತ್ತವೆ. ಮುತ್ತುಗದ ಎಲೆಯ ದೊನ್ನೆಯಲ್ಲಿ ಹಬೆಯಾಡುವ ಅನ್ನ ಕೈಗೆ ಬರುವ ತನಕ ಮಾಡಲು ಬೇರೆ ಕೆಲಸವಿಲ್ಲ. ಆದ್ದರಿಂದ ಸಾಲಿನಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮಫ್ಲರ್ ಸುತ್ತಿಕೊಂಡು ನಿಂತವನು ಯಾವ ಧಾರಾವಾಹಿಯವನು ಎಂಬ ಪಿಸುಮಾತು ಅಲ್ಲಿ ಏಳುವುದುಂಟು. ಹತ್ತಕ್ಕೆ ಒಂಬತ್ತು ಸಲ ಆತ ಕೆ.ಆರ್. ಪುರದ ಹಾರ್ಡ್‌ವೇರ್ ಅಂಗಡಿಯವನಿರಬಹುದು. ಹತ್ತನೆಯ ಸಲಕ್ಕಾಗಿಯೇ ಆಟ.

ತಿಂದ ಮೇಲೆ ಹೊಸಕೋಟೆಯ ದೊಡ್ಡ ಕೆರೆಯ ಏರಿಯ ಮೇಲೆ ನಾಲ್ಕು ಹೆಜ್ಜೆ ಹಾಕಿ, ಅವಿಮುಕ್ತೇಶ್ವರನಿಗೆ ಹೊರಗಿನಿಂದಲೇ ಕೈಮುಗಿದು (ಬಿರಿಯಾನಿ ತಿಂದ ಬಾಯಿ!) ಮುಂದೆ ಹೊರಡಬಹುದು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಮೂಲಕ ಹೊಸಕೋಟೆಗೆ ಬರುವ ಉಪನಗರ ವರ್ತುಲ ರಸ್ತೆ ಈ ಊರುಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ಹಿಂದೆ ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಎರಡು ಬಸ್ಸು ಬದಲಾಯಿಸಿ ಮಧ್ಯಾಹ್ನ ಮಾಡಿಕೊಳ್ಳಬೇಕಿತ್ತು.

ಗುಡ್ಡದ ಭೂತ ಬಯಲಿಗೆ ಬಂದದ್ದು

ದೇವನಹಳ್ಳಿಯೆಂದರೆ ಶಾಲೆಯ ಮಕ್ಕಳಿಗೆ ಟಿಪ್ಪುಸುಲ್ತಾನ ಹುಟ್ಟಿದ ಊರು. ತಿನ್ನುವವರಿಗೆ ಚಕ್ಕೋತದ ಊರು. ಮರ ಪ್ರೀತಿಸುವವರಿಗೆ ಪಕ್ಕದ ನಲ್ಲೂರಿನ ಹುಣಸೆ ತೋಪು. 2007ರಲ್ಲಿ ಅದು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಬೊಡ್ಡೆ ಟೊಳ್ಳಾಗಿ, ತಿರುಚಿ, ಬಾಗಿ ನಿಂತ ಆ ಮರಗಳಲ್ಲಿ ಒಂದೊಂದಕ್ಕೂ ಒಂದೊಂದು ಮುಖ. 2008ರ ಮೇ ತಿಂಗಳಿನಿಂದ ಮಾತ್ರ ದೇವನಹಳ್ಳಿ ಎಂದರೆ ಎಲ್ಲರಿಗೂ ವಿಮಾನ ನಿಲ್ದಾಣ. ತಾರೆಯರನ್ನು ಗುರುತಿಸುವುದಕ್ಕೆ ಅದಕ್ಕಿಂತ ಪ್ರಶಸ್ತ ಜಾಗವಿಲ್ಲ ಎನ್ನುವವರಿದ್ದಾರೆ. ಆದರೆ ಕಪ್ಪು ಕನ್ನಡಕ, ಮೂವರು ಕಾವಲುಗಾರರ ಜೊತೆ ಬರುವವರನ್ನು ಗುರುತಿಸುವುದರಲ್ಲಿ ಏನು ಪತ್ತೇದಾರಿಕೆ?

ದೇವನಹಳ್ಳಿ ತಾಲ್ಲೂಕಿನಲ್ಲಿ ನಿಜವಾಗಿ ಕುತೂಹಲ ಹುಟ್ಟಿಸುವ ಮುಖದರ್ಶನ ಆದದ್ದು ಚನ್ನರಾಯಪಟ್ಟಣ ಹೋಬಳಿಯ ರೈತರ ಹೋರಾಟದಲ್ಲಿ. ಅಲ್ಲಿನ 13 ಹಳ್ಳಿಗಳ 1,777 ಎಕರೆ ಭೂಮಿಯನ್ನು ಕೈಗಾರಿಕೆಗೆಂದು ಸ್ವಾಧೀನ ಮಾಡಿಕೊಳ್ಳುವ ಸರ್ಕಾರದ ಕ್ರಮದ ವಿರುದ್ಧ ರೈತರು 2022ರಲ್ಲಿ ಧರಣಿ ಕುಳಿತರು. ದ್ರಾಕ್ಷಿ, ರೇಷ್ಮೆ, ತರಕಾರಿ ಬೆಳೆಯುವ ಭೂಮಿ. ಧರಣಿ ಸಾವಿರ ದಿನ ದಾಟಿತು. 2025ರಲ್ಲಿ ಅದು ಬಿರುಸಾದಾಗ ರೈತರ ನಡುವೆ ಕುಳಿತವರಲ್ಲಿ ಒಂದು ಮುಖ ಎಲ್ಲರಿಗೂ ಗೊತ್ತಿದ್ದದ್ದು. ಚಿಕ್ಕವರು 'ಸಿಂಗಂ ವಿಲನ್' ಎಂದರು. ನಲವತ್ತೈದು ದಾಟಿದವರಿಗೆ ಮಾತ್ರ ಬೇರೆ ನೆನಪು. ಸದಾನಂದ ಸುವರ್ಣ ನಿರ್ದೇಶಿಸಿ, 1990ರ ಆಸುಪಾಸಿನಲ್ಲಿ ಬೆಂಗಳೂರು ದೂರದರ್ಶನದಲ್ಲಿ ಬಂದ 'ಗುಡ್ಡದ ಭೂತ' ಧಾರಾವಾಹಿಯ ಆ ತೆಳ್ಳನೆಯ ಹುಡುಗ, ಪ್ರಕಾಶ್ ರೈ!

ಕನ್ನಡದ ಕಿರುತೆರೆಯಲ್ಲಿ ನಿಗೂಢ ಕಥೆ ಎಂದರೆ ಆ ಕಾಲದವರು ಮೊದಲು ಹೇಳುವ ಹೆಸರು ಅದೇ. ಕರಾವಳಿಯ ಒಂದು ಊರು, ಗುಡ್ಡ, ಅಲ್ಲಿ ಭೂತವಿದೆ ಎಂಬ ಭಯ, ಆ ಭಯದ ಹಿಂದಿನ ನಿಜ. ಹೆಚ್ಚು ಉದ್ದವೂ ಇಲ್ಲ, 13 ಕಂತು. ಅದರ ಶೀರ್ಷಿಕೆ ಸಂಗೀತ ಬಂದ ಕೂಡಲೇ ದೀಪ ಹಾಕಿಕೊಳ್ಳುತ್ತಿದ್ದ ಮನೆಗಳು ಈ ಬಯಲುಸೀಮೆಯಲ್ಲೂ ಇದ್ದವು. ಕೆ. ಬಾಲಚಂದರ್ ಅವರ 'ಡ್ಯುಯೆಟ್' ಚಿತ್ರದ ಮೂಲಕ 1994ರಲ್ಲಿ ತಮಿಳಿಗೆ ಹೋದ ಪ್ರಕಾಶ್ ರೈ ಅಲ್ಲಿ ಪ್ರಕಾಶ್ ರಾಜ್ ಆದರು. ಆಮೇಲೆ ಎಷ್ಟು ಭಾಷೆ, ಎಷ್ಟು ವೇಷ ಎಂದು ಲೆಕ್ಕ ಇಟ್ಟವರಿಲ್ಲ. ರೇಷ್ಮೆ ನೇಕಾರನ ಪಾತ್ರ ಮಾಡಿದ 'ಕಾಂಚೀವರಂ' ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ತಂದಿತು. 2025ರ ಜುಲೈ 15ರಂದು ಸರ್ಕಾರ ಭೂಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಪ್ರಕಟಿಸಿತು; ತಾವಾಗಿ ಕೊಡಲು ಮುಂದೆ ಬರುವವರ ಭೂಮಿಯನ್ನು ಮಾತ್ರ ಪಡೆಯುವುದಾಗಿ ಹೇಳಿತು. ಗೆದ್ದವರು ರೈತರು, ನಟನಲ್ಲ. ಸಾವಿರ ದಿನ ಬಿಸಿಲಲ್ಲಿ ಕುಳಿತವರೂ ಅವರೇ. ಆದರೆ ಪರಿಚಿತ ಮುಖವೊಂದು ಪಕ್ಕದಲ್ಲಿ ಬಂದು ಕುಳಿತಾಗ ಕ್ಯಾಮೆರಾಗಳು ಹಿಂಬಾಲಿಸಿ ಬರುತ್ತವೆ. ಆ ಚೌಕಟ್ಟಿನೊಳಗೆ ಅಪರಿಚಿತ ಮುಖಗಳೂ ಬೀಳುತ್ತವೆ. ಅತಿಥಿ ನಟನಿಂದ ಇಷ್ಟು ಉಪಕಾರವಾದರೆ ಸಣ್ಣದೇನಲ್ಲ.

ಒಂದು ಶಿಲೆ, ಎರಡು ಮುಖ

ದೇವನಹಳ್ಳಿಯಿಂದ ದೊಡ್ಡಬಳ್ಳಾಪುರದ ದಾರಿ ಹಿಡಿದರೆ ಬೀರಸಂದ್ರದ ಬಳಿ ಜಿಲ್ಲಾಡಳಿತ ಭವನ ಸಿಗುತ್ತದೆ. ಹೊಲದ ನಡುವೆ ಎದ್ದ ಭಾರಿ ಕಟ್ಟಡ. ಅದನ್ನು ದಾಟಿ ಊರು ಸೇರುವಾಗ ಕಿವಿಗೆ ಬೀಳುವುದು ಮಗ್ಗಗಳ ಸದ್ದು. ಕವಾಟ ಮುಚ್ಚಿದ ಮನೆಗಳ ಒಳಗಿಂದ ಹಗಲು ರಾತ್ರಿ ಕೇಳುವ ಟಕಟಕ. ವಿಮರ್ಶಕ ಡಿ.ಆರ್. ನಾಗರಾಜ್ ಇಂಥ ನೇಕಾರರ ಮನೆಯಿಂದಲೇ ಬಂದವರು.

ಊರಿನ ಆಚೆಗಿನ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗದೆ ಈ ಪ್ರವಾಸ ಪೂರ್ತಿಯಾಗದು. ಗರ್ಭಗುಡಿಯಲ್ಲಿರುವುದು ಒಂದೇ ಶಿಲೆ. ಮುಂದೆ ಪೂರ್ವಾಭಿಮುಖನಾಗಿ ಸುಬ್ರಹ್ಮಣ್ಯ, ಹಿಂದೆ ಪಶ್ಚಿಮಕ್ಕೆ ಮುಖ ಮಾಡಿದ ನರಸಿಂಹ. ಹಿಂದಿನ ದೇವರು ಭಕ್ತರಿಗೆ ಕಾಣಲೆಂದು ಹಿಂಬದಿಯ ಗೋಡೆಗೆ ಕನ್ನಡಿ ಇಟ್ಟಿದ್ದಾರೆ. ಮೊದಲ ಸಲ ಬಂದವರು ಸುಬ್ರಹ್ಮಣ್ಯನಿಗೆ ಕೈಮುಗಿದು ಹೊರಟೇಬಿಡುತ್ತಾರೆ. ಗೊತ್ತಿದ್ದವರು 'ಕನ್ನಡೀಲಿ ನೋಡಪ್ಪಾ' ಎಂದು ಮಕ್ಕಳನ್ನು ಎತ್ತಿ ತೋರಿಸುತ್ತಾರೆ.

ಪುಷ್ಯ ಮಾಸದ ಘಾಟಿ ಜಾತ್ರೆ, ಅದರ ಜೊತೆಗಿನ ದನಗಳ ಪರಿಷೆ ಮುಗಿದ ಮೇಲೆ, ಸುಗ್ಗಿ ಒಕ್ಕಣೆ ಆಗಿ ಯುಗಾದಿ ದಾಟುವವರೆಗೂ ಈ ಸೀಮೆಯಲ್ಲಿ ನಾಟಕದ ಕಾಲ. ಬಸ್ ನಿಲ್ದಾಣದ ಕಂಬ, ಹೋಟೆಲಿನ ಗೋಡೆ, ಹಾಲಿನ ಡೇರಿಯ ಬಾಗಿಲು, ಎಲ್ಲೆಲ್ಲೂ ಬಣ್ಣದ ಕರಪತ್ರ. 'ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ' ಎಂಬ ದಪ್ಪ ಅಕ್ಷರ, 'ವಿದ್ಯುದ್ದೀಪಾಲಂಕೃತ ಭವ್ಯ ರಂಗಮಂಟಪದಲ್ಲಿ' ಎಂಬ ಒಕ್ಕಣೆ, ಊರಿನ ಹಿರಿಯರ ಚಿತ್ರಗಳ ಸಾಲು. ಕೆಳಗೆ ಪಾತ್ರಧಾರಿಗಳು. ಶ್ರೀಕೃಷ್ಣ ಇಬ್ಬರು, ದುರ್ಯೋಧನ ಇಬ್ಬರು, ಕರ್ಣ ಒಬ್ಬ. ಯಾಕೆ ಇಬ್ಬರು ಎಂದರೆ ಪಾತ್ರಕ್ಕೆ ಇಷ್ಟು ಎಂದು ದುಡ್ಡು ಕಟ್ಟಿರುತ್ತಾರೆ. ದುರ್ಯೋಧನನಿಗೆ ಹೆಚ್ಚು, ವಿದುರನಿಗೆ ಕಡಿಮೆ. ರಾಗಿ ಹೊಲದವನು, ಮಗ್ಗದವನು, ಗ್ರಾಮ ಪಂಚಾಯ್ತಿ ಸದಸ್ಯ, ಎಲ್ಲರೂ ತಿಂಗಳುಗಟ್ಟಲೆ ರಾತ್ರಿ ಹೊತ್ತು ಹಾರ್ಮೋನಿಯಂ ಮೇಷ್ಟ್ರ ಮುಂದೆ ಕುಳಿತು ಮಟ್ಟು ಕಲಿತಿರುತ್ತಾರೆ. ಕಿರೀಟ, ಗದೆ, ಪರದೆ ಬಾಡಿಗೆಗೆ ಬರುತ್ತವೆ.

ಮತ್ತು, ಬಾಡಿಗೆಯ ಮಾತು ಅವರಿಗೆ ಒಪ್ಪದು, ಆದರೆ ಊರವರು ಹಾಗೆಯೇ ಅನ್ನುವುದು, ದ್ರೌಪದಿ ಬರುತ್ತಾಳೆ. ಕುಂತಿ, ರುಕ್ಮಿಣಿ, ಉತ್ತರೆ ಬರುತ್ತಾರೆ. ಸ್ತ್ರೀಪಾತ್ರಕ್ಕೆ ಊರಿನ ಹೆಣ್ಣುಮಕ್ಕಳನ್ನು ಕಳಿಸುವ ವಾಡಿಕೆ ಇಲ್ಲ. ಗಂಡಸರೇ ಸೀರೆ ಉಡುತ್ತಿದ್ದ ಕಾಲ ಹೋಗಿ ದಶಕಗಳಾದವು. ಆದ್ದರಿಂದ ಬೆಂಗಳೂರಿನಿಂದ, ತುಮಕೂರಿನಿಂದ ವೃತ್ತಿ ನಟಿಯರನ್ನು ಗೊತ್ತುಮಾಡುತ್ತಾರೆ. ಕರಪತ್ರದಲ್ಲಿ ಅವರಿಗೆ ಇರುವುದು ಹೆಸರು, ಮುಂದೆ ಒಂದು ಊರು, ಅಷ್ಟೇ. ಈ ಜಿಲ್ಲೆಯ ಅಪ್ಪಟ ಅತಿಥಿ ನಟರು ಇವರು. ಇವರನ್ನು ಗುರುತಿಸುವುದರಲ್ಲಿ ಜಮಖಾನದ ಮೇಲೆ ಕುಳಿತ ಹೆಂಗಸರನ್ನು ಮೀರಿಸುವವರಿಲ್ಲ.

'ಅಕ್ಕಾ, ಇವ್ಳು ಹೋದ್ವರ್ಷ ನಮ್ ತವರೂರಲ್ಲಿ ಕುಂತಿ ಆಗಿದ್ಲು ಕಣಕ್ಕಾ.'

'ಅಯ್ಯೋ, ಆಗ ಕರ್ಣಂಗೆ ತಾಯಿ, ಈಗ ಕರ್ಣನ ಮುಂದೆ ದ್ರೌಪದಿನಾ?'

'ಅವ್ಳ ಹೊಟ್ಟೆಪಾಡು ಕಣವ್ವಾ. ಹಾಡು ಕೇಳು ಸುಮ್ಕೆ.'

ಈ ನಟಿಯರ ಕೆಲಸ ಎಷ್ಟು ಕಷ್ಟದ್ದೆಂದು ಪಕ್ಕದ ಪರದೆಯ ಸಂದಿಯಿಂದ ನೋಡಿದವರಿಗೇ ಗೊತ್ತು. ಊರಿನ ದುರ್ಯೋಧನ ಮೂರು ತಿಂಗಳು ಅಭ್ಯಾಸ ಮಾಡಿರುತ್ತಾನೆ. ಈಕೆ ಆ ಮೇಷ್ಟ್ರ ಮುಂದೆ ಒಂದು ದಿನ ಕುಳಿತಿದ್ದರೆ ಹೆಚ್ಚು. ಮೇಷ್ಟ್ರು ಬದಲಾದರೆ ಮಟ್ಟು ಬದಲಾಗುತ್ತದೆ, ಶ್ರುತಿ ಬದಲಾಗುತ್ತದೆ. ಮಧ್ಯರಾತ್ರಿ ಮೀರಿದ ಹೊತ್ತಿನಲ್ಲಿ, ನಂಟರಿಷ್ಟರು ಹಾರದ ಮೇಲೆ ಹಾರ ಹಾಕಿದ ಸಂಭ್ರಮದಲ್ಲಿ, ದುರ್ಯೋಧನನಿಗೆ ಮಾತು ಮರೆತುಹೋಗುತ್ತದೆ. ಆಗ ದ್ರೌಪದಿ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಪಕ್ಕಕ್ಕೆ ತಿರುಗಿ ಅವನ ಮಾತಿನ ತುದಿಯನ್ನು ಅವನ ಕಿವಿಗೆ ಹಾಕುತ್ತಾಳೆ. ಅವನು ಅದನ್ನು ಹಿಡಿದು ಅಬ್ಬರಿಸುತ್ತಾನೆ, 'ಒನ್ಸ್ ಮೋರ್' ಬೀಳುತ್ತದೆ. ಆಕೆ ತನ್ನನ್ನು ಅವಮಾನಿಸುವ ಮಾತನ್ನು ತಾನೇ ಹೇಳಿಕೊಟ್ಟು ಮತ್ತೆ ಅಳಲು ನಿಲ್ಲುತ್ತಾಳೆ. ಊರಿನ ಪ್ರತಿಯೊಬ್ಬ ಪಾತ್ರಧಾರಿಯ ಮಾತೂ ಆಕೆಗೆ ಬಾಯಿಪಾಠ. ನಾಟಕ ಮುಗಿಯುವುದು ಬೆಳಕು ಹರಿದಾಗ. ಬಣ್ಣ ಒರೆಸಿಕೊಂಡು, ದುಡ್ಡು ಎಣಿಸಿಕೊಂಡು, ಮೊದಲ ಬಸ್ಸಿಗೆ ಕಾಯುವಾಗ ರಾತ್ರಿ ಚಪ್ಪಾಳೆ ತಟ್ಟಿದವರೇ ಮುಸಿಮುಸಿ ನಗುತ್ತ ನೋಡಿಕೊಂಡು ಹೋಗುವುದೂ ಉಂಟು. ಗುರುತು ಸಿಕ್ಕುವುದು ಎಲ್ಲರಿಗೂ ಸುಖ ತರುವ ಸಂಗತಿಯಲ್ಲ.

ಇನ್ನೊಂದು ವಿಷಯ ಹೇಳಬೇಕು. 58 ವರ್ಷ ತುಂಬಿ, ಕಷ್ಟದಲ್ಲಿರುವ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನವಿದೆ. ಅದಕ್ಕೆ ಅರ್ಜಿ ಹಾಕುವಾಗ ಇಷ್ಟು ವರ್ಷ ಕಲಾಸೇವೆ ಮಾಡಿದ್ದಕ್ಕೆ ದಾಖಲೆ ಬೇಕು. ನೂರಾರು ಹಳ್ಳಿಗಳಲ್ಲಿ ಮುಖ ನೋಡಿದೊಡನೆ ಗುರುತು ಹಿಡಿಯುವ ಸಾವಿರಾರು ಜನರಿದ್ದರೂ ಆ ಗುರುತು ಅರ್ಜಿಗೆ ಲಗತ್ತಿಸಲು ಬಾರದು. ಅದಕ್ಕೇ ಬುದ್ಧಿವಂತ ನಟಿಯರು ಟ್ರಂಕಿನ ತಳದಲ್ಲಿ ಹಳೆಯ ಕರಪತ್ರಗಳನ್ನು ಮಡಿಸಿಟ್ಟಿರುತ್ತಾರೆ. ಹುಳ ತಿಂದು, ಮಡಿಕೆಯಲ್ಲಿ ಹರಿದು, ಬಣ್ಣ ಮಾಸಿದ ಹಾಳೆಗಳು. ಮಳೆಗೆ ಮನೆ ಸೋರಿ ಟ್ರಂಕು ನೆನೆದರೆ ಮೂವತ್ತು ವರ್ಷದ ದ್ರೌಪದಿ ನೆನೆದುಹೋದ ಹಾಗೆ. ಕರಪತ್ರ ಹಚ್ಚಿಸುವ ಊರಿನ ಯುವಕರು ಒಂದೆರಡು ಪ್ರತಿಯನ್ನು ಬಂದ ಕಲಾವಿದೆಯ ಕೈಗೂ ಕೊಟ್ಟು ಕಳಿಸಿದರೆ ಖರ್ಚೇನೂ ಹೆಚ್ಚುವುದಿಲ್ಲ.

ದೊಡ್ಡಬಳ್ಳಾಪುರದಿಂದ ನೆಲಮಂಗಲದ ದಾರಿಯಲ್ಲಿ ಕನಸವಾಡಿಯ ಚಿಕ್ಕಮಧುರೆ ಶನಿಮಹಾತ್ಮ ದೇವಸ್ಥಾನವಿದೆ. ಶನಿವಾರಗಳಂದು ಕಾಲಿಡಲು ಜಾಗವಿರದು. 'ಶನಿಪ್ರಭಾವ' ನಾಟಕಕ್ಕೆ ಈ ಭಾಗದಲ್ಲಿ ಕುರುಕ್ಷೇತ್ರದ ಸರಿಸಮ ಬೇಡಿಕೆ.

ಬದಲಿಗೆ ಬಂದವರು

ನೆಲಮಂಗಲ ತಾಲ್ಲೂಕು ತಲುಪಿದರೆ ಈ ಪ್ರವಾಸದ ಫಲ ಕೈಗೆ ಬಂದ ಹಾಗೆ. ತುಮಕೂರು ರಸ್ತೆ, ಹಾಸನ ರಸ್ತೆ ಕವಲಾಗುವ ಈ ಊರನ್ನು ಬಸ್ಸಿನ ಕಿಟಕಿಯಿಂದ ನೋಡಿದವರೇ ಹೆಚ್ಚು, ಇಳಿದವರು ಕಡಿಮೆ. ಆದರೆ ಇಲ್ಲಿಯ ಹೊನ್ನಸಂದ್ರದ ಮುಖವೊಂದನ್ನು ಕನ್ನಡಿಗರು ನೂರಾರು ಚಿತ್ರಗಳಲ್ಲಿ, ಧಾರಾವಾಹಿಗಳಲ್ಲಿ ನೋಡಿದ್ದಾರೆ. ಮಂತ್ರಿ, ಮಾವ, ವಕೀಲ, ಮೋಸದ ಸಾಹುಕಾರ. ಪಾತ್ರ ಯಾವುದಾದರೂ ಆ ದನಿ ಮಾತ್ರ ಮರೆಮಾಚಲಾಗದ್ದು. ಮುಖ್ಯಮಂತ್ರಿ ಚಂದ್ರು! ಅವರ ಹೆಸರೇ ಒಂದು ಬದಲಿ ವ್ಯವಸ್ಥೆಯ ಕಥೆ. 1980ರಲ್ಲಿ ಕಲಾಗಂಗೋತ್ರಿ ತಂಡ ಬಿ.ವಿ. ರಾಜಾರಾಂ ನಿರ್ದೇಶನದಲ್ಲಿ 'ಮುಖ್ಯಮಂತ್ರಿ' ನಾಟಕ ಆಡಿತು. ಕನ್ನಡಕ್ಕೆ ತಂದವರು ಟಿ.ಎಸ್. ಲೋಹಿತಾಶ್ವ. ಮುಖ್ಯ ಪಾತ್ರವೂ ಅವರದೇ ಆಗಬೇಕಿತ್ತು. ಅವರಿಗೆ ಆರೋಗ್ಯ ಕೆಟ್ಟು, ಬದಲಿಗೆ ಬಂದ ಚಂದ್ರಶೇಖರ್ ಆ ಪಾತ್ರದಿಂದ ಮತ್ತೆ ಹೊರಬರಲೇ ಇಲ್ಲ. 1985ರಲ್ಲಿ ಪಕ್ಕದ ಗೌರಿಬಿದನೂರಿನಿಂದ ನಿಜವಾದ ವಿಧಾನಸಭೆಗೇ ಆರಿಸಿ ಬಂದರು. ಇತ್ತ ಲೋಹಿತಾಶ್ವರೂ 2022ರಲ್ಲಿ ತೀರಿಕೊಳ್ಳುವವರೆಗೆ ಗಂಭೀರ ದನಿಯ ಪೊಲೀಸ್ ಅಧಿಕಾರಿ, ಜಮೀನ್ದಾರರಾಗಿ ಎಷ್ಟೋ ಕಡೆ ಕಾಣಿಸಿಕೊಂಡರು. ಒಂದು ಪಾತ್ರ ತಪ್ಪಿದ್ದರಿಂದ ಕನ್ನಡಕ್ಕೆ ಎರಡು ಪರಿಚಿತ ಮುಖಗಳು ದಕ್ಕಿದವು.

ಬದಲಿಗೆ ಬಂದ ಇನ್ನೊಬ್ಬರ ಕಥೆಯಲ್ಲಿ ನಿಜವಾದ ಕೊಲೆಯೇ ಇದೆ. ಇದೇ ತಾಲ್ಲೂಕಿನ ಚೌಡಸಂದ್ರದಲ್ಲಿ 1915ರಲ್ಲಿ ಹುಟ್ಟಿದ ಹೊನ್ನಪ್ಪ ಭಾಗವತರು ಗುಬ್ಬಿ ವೀರಣ್ಣನವರ ಕಂಪನಿಯ ಗಾಯಕ ನಟ. 1941ರ 'ಸುಭದ್ರಾ' ಚಿತ್ರದಲ್ಲಿ ಹಾಡಿ ಹೆಸರು ಮಾಡಿದವರು. ಆ ಕಾಲದ ತಮಿಳು ತೆರೆಯ ಚಕ್ರವರ್ತಿ ಎಂ.ಕೆ. ತ್ಯಾಗರಾಜ ಭಾಗವತರ್. 1944ರ ನವೆಂಬರ್ 8ರಂದು ಮದರಾಸಿನ ವೇಪೇರಿಯಲ್ಲಿ ಲಕ್ಷ್ಮೀಕಾಂತನ್ ಎಂಬ ಪತ್ರಕರ್ತನಿಗೆ ಯಾರೋ ಚೂರಿ ಹಾಕಿದರು. ತಾರೆಯರ ಮನೆಯೊಳಗಿನ ಸುದ್ದಿ ಅಚ್ಚುಹಾಕಿ ಬದುಕುತ್ತಿದ್ದ ಮನುಷ್ಯ, ಮರುದಿನ ಸತ್ತ. ಆ ಪ್ರಕರಣದಲ್ಲಿ ತ್ಯಾಗರಾಜ ಭಾಗವತರ್ ಮತ್ತು ಹಾಸ್ಯನಟ ಎನ್.ಎಸ್. ಕೃಷ್ಣನ್ ಬಂಧಿತರಾಗಿ ಶಿಕ್ಷೆಗೂ ಗುರಿಯಾದರು. ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಮೊಕದ್ದಮೆ ಹೋಗಿ, 1947ರಲ್ಲಿ ಇಬ್ಬರೂ ಬಿಡುಗಡೆಯಾದರು. ಲಕ್ಷ್ಮೀಕಾಂತನನ್ನು ಕೊಲ್ಲಿಸಿದ್ದು ಯಾರೆಂಬುದು ಇವತ್ತಿಗೂ ಬಗೆಹರಿದಿಲ್ಲ.

ಚಕ್ರವರ್ತಿ ಜೈಲಿನಲ್ಲಿದ್ದಾಗ ಅವರಿಗೆಂದು ಗೊತ್ತಾಗಿದ್ದ ಚಿತ್ರಗಳ ಗತಿ? 'ಶ್ರೀ ಮುರುಗನ್' ಚಿತ್ರದ ನಾಯಕನ ಸ್ಥಾನ ನಮ್ಮ ಹೊನ್ನಪ್ಪ ಭಾಗವತರ ಪಾಲಿಗೆ ಬಂತು. 1946ರಲ್ಲಿ ಅದು ತೆರೆಕಂಡಾಗ ಶಿವನ ಪಾತ್ರದಲ್ಲಿದ್ದ ಯುವಕ ಎಂ.ಜಿ.ಆರ್. ನೆಲಮಂಗಲದ ಹಳ್ಳಿಯ ಕನ್ನಡಿಗ ತಮಿಳಿನಲ್ಲಿ ಹಾಡಿದ. ಜನ ಮೆಚ್ಚಿದರು. ಆದರೆ ಹೊನ್ನಪ್ಪನವರು ಅಲ್ಲೇ ನೆಲೆಯೂರಲಿಲ್ಲ. ಗಳಿಸಿದ್ದನ್ನು ಕನ್ನಡಕ್ಕೆ ತಂದು ಸುರಿದರು. 1955ರಲ್ಲಿ 'ಮಹಾಕವಿ ಕಾಳಿದಾಸ' ತೆಗೆದರು. ಅದರಲ್ಲಿ ಅವರು ಪರಿಚಯಿಸಿದ ಹುಡುಗಿ ಬಿ. ಸರೋಜಾದೇವಿ. ಮುಂದೆ ದಕ್ಷಿಣದ ಎಲ್ಲ ಭಾಷೆಗಳ ಮನೆಮಾತಾದ ಆಕೆ 2025ರ ಜುಲೈನಲ್ಲಿ ತೀರಿಕೊಂಡಾಗ ಮಣ್ಣು ಸೇರಿದ್ದು ಚನ್ನಪಟ್ಟಣ ತಾಲ್ಲೂಕಿನ ದಶವಾರದಲ್ಲಿ. ಹಳೆಯ ನಕ್ಷೆ ಹಿಡಿದು ನೋಡಿದರೆ ಅದೂ ಗ್ರಾಮಾಂತರ ಜಿಲ್ಲೆಯೇ. 1992ರಲ್ಲಿ ತೀರಿಕೊಂಡ ಹೊನ್ನಪ್ಪ ಭಾಗವತರ ಮುಖವನ್ನು ಈಗ ನೆಲಮಂಗಲದ ಬಸ್ ನಿಲ್ದಾಣದಲ್ಲಿ ಹಿಡಿದು ತೋರಿಸಿದರೆ ಎಷ್ಟು ಜನ ಗುರುತಿಸಿಯಾರು ಎಂಬುದನ್ನು ಓದುಗರ ಊಹೆಗೇ ಬಿಡುವುದು ಕ್ಷೇಮ.

ಸೋಲದೇವನಹಳ್ಳಿಯ ತಾಯಿ

ಪ್ರವಾಸದ ಕೊನೆಯ ನಿಲುಗಡೆ ನೆಲಮಂಗಲ ತಾಲ್ಲೂಕಿನ ಸೋಲದೇವನಹಳ್ಳಿ. ಬೆಂಗಳೂರಿನ ಹೆಸರಘಟ್ಟ ರಸ್ತೆಯ ಬಳಿ, ರೈಲು ನಿಲ್ದಾಣವಿರುವ ಸೋಲದೇವನಹಳ್ಳಿ ಬೇರೆ. ಹೆಸರು ಒಂದೇ ಎಂದು ಅಲ್ಲಿಗೆ ಹೋಗಿ ವಿಚಾರಿಸಿದರೆ ಅಲೆದಾಟವೇ ಗತಿ.

ಇಲ್ಲಿ ತೋಟ ಮಾಡಿಕೊಂಡು ಬದುಕಿದವರು ಲೀಲಾವತಿ. ಬೆಳ್ತಂಗಡಿ ಕಡೆಯ ಅನಾಥ ಹುಡುಗಿ, ಮಹಾಲಿಂಗ ಭಾಗವತರ ಮೈಸೂರಿನ ನಾಟಕ ಮಂಡಳಿ ಸೇರಿ, 1949ರ 'ನಾಗಕನ್ನಿಕಾ'ದಲ್ಲಿ ಚಿಕ್ಕ ಪಾತ್ರಕ್ಕೆ ಮುಖ ತೋರಿಸಿದವರು. 1958ರ 'ಮಾಂಗಲ್ಯ ಯೋಗ'ದಲ್ಲಿ ನಾಯಕಿ, 'ರಣಧೀರ ಕಂಠೀರವ', 'ರಾಣಿ ಹೊನ್ನಮ್ಮ' ಚಿತ್ರಗಳಲ್ಲಿ ರಾಜಕುಮಾರ್ ಜೋಡಿ. ನಾಯಕಿಯ ಕಾಲ ಕೆಲವೇ ವರ್ಷ. ಆಮೇಲೆ ನಾಲ್ಕು ದಶಕ ಅಕ್ಕ, ಅತ್ತಿಗೆ, ಅತ್ತೆ, ಅಜ್ಜಿ, ಎಲ್ಲಕ್ಕಿಂತ ಹೆಚ್ಚಾಗಿ ತಾಯಿ. ಕನ್ನಡ, ತಮಿಳು, ತೆಲುಗು ಎಲ್ಲ ಸೇರಿ 600ಕ್ಕೂ ಹೆಚ್ಚು ಚಿತ್ರಗಳು. ಭಾನುವಾರದ ಟಿ.ವಿ. ಮುಂದೆ ಕುಳಿತ ಹಳ್ಳಿಯ ಮುಖಪತ್ತೇದಾರನಿಗೂ ಈಕೆಯ ವಿಷಯದಲ್ಲಿ ಕೆಲಸವಿರಲಿಲ್ಲ. ಹೆಂಗಸರು, ಮಕ್ಕಳು ಎಲ್ಲ ಒಟ್ಟಿಗೇ 'ಲೀಲಾವತಿ' ಅಂದುಬಿಡುತ್ತಿದ್ದರು. ಪೋಷಕ ಪಾತ್ರಧಾರಿಗಳಲ್ಲಿ ಮುಖದ ಜೊತೆ ಹೆಸರನ್ನೂ ಗೆದ್ದ ಕೆಲವೇ ಮಂದಿಯಲ್ಲಿ ಅವರೊಬ್ಬರು. 1999ನೇ ಸಾಲಿನ ಡಾ. ರಾಜಕುಮಾರ್ ಪ್ರಶಸ್ತಿ ಅವರಿಗೆ ಸಂದಿತು.

ಬೆಂಗಳೂರಿನ ಬಡಾವಣೆಯಲ್ಲೋ ಮದರಾಸಿನಲ್ಲೋ ಉಳಿಯಬಹುದಾಗಿದ್ದವರು ಮಗ ವಿನೋದ್ ರಾಜ್ ಜೊತೆ ಈ ಹಳ್ಳಿಗೆ ಬಂದು ಮಣ್ಣಿನ ಕೆಲಸಕ್ಕೆ ನಿಂತರು. ಊರಿನವರು ಜ್ವರ ಬಂದರೆ ನೆಲಮಂಗಲಕ್ಕೆ ಓಡಬೇಕಾಗಿದ್ದುದನ್ನು ನೋಡಿ ಸ್ವಂತ ಹಣದಲ್ಲಿ ಆಸ್ಪತ್ರೆಯ ಕಟ್ಟಡ ಕಟ್ಟಿಸಿದರು. ವೈದ್ಯರು, ಔಷಧಿ ಬರಲಿ ಎಂದು ಅಧಿಕಾರಿಗಳ ಬಾಗಿಲಿಗೂ ಅಲೆದರು. ಆಮೇಲೆ ದನಕರುಗಳ ಚಿಂತೆ. ಪಶು ಆಸ್ಪತ್ರೆಯೊಂದನ್ನು ಕಟ್ಟಿಸಿ, ಅದು 2023ರ ನವೆಂಬರಿನಲ್ಲಿ ಉದ್ಘಾಟನೆಯಾಗುವುದನ್ನು ಹಾಸಿಗೆ ಹಿಡಿದ ಸ್ಥಿತಿಯಲ್ಲೂ ನೋಡಿದರು. ಅದೇ ಡಿಸೆಂಬರ್ 8ರಂದು ನೆಲಮಂಗಲದ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಮಣ್ಣು ಮಾಡಿದ್ದು ಇದೇ ತೋಟದಲ್ಲಿ. ಮಗ ಕಟ್ಟಿಸಿದ ಸ್ಮಾರಕಕ್ಕೆ ಜನ ಬಂದುಹೋಗುತ್ತಾರೆ. ಬಂದವರಲ್ಲಿ ವಯಸ್ಸಾದ ಹೆಂಗಸರು ಹೆಚ್ಚು. ಅವರಲ್ಲಿ ಮಾತು ತೆಗೆದರೆ ಯಾವ ಚಿತ್ರದಲ್ಲಿ ಯಾರ ತಾಯಿಯಾಗಿದ್ದರು, ಎಲ್ಲಿ ಅತ್ತರು ಎಂದು ಒಂದೊಂದೇ ಹೊರಬರುತ್ತದೆ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಸರಿಹೋಗುವುದಿಲ್ಲ. 'ಅದ್ರಲ್ಲಿ ಅವ್ವ ಆಗಿದ್ದು ಪಂಡರಿಬಾಯಿ ಕಣಮ್ಮಾ, ಇವರಲ್ಲ' ಎಂದು ಜಗಳವೂ ಹತ್ತಬಹುದು.

ಬೆಂಗಳೂರಿನ ಮೆಜೆಸ್ಟಿಕ್‌ನಿಂದ ನೆಲಮಂಗಲಕ್ಕೆ ಬಸ್ಸುಗಳಿಗೆ ಬರವಿಲ್ಲ. ಅಲ್ಲಿಂದ ಸೋಲದೇವನಹಳ್ಳಿಗೆ ಆಟೋ ಹಿಡಿಯುವುದು ಅನುಕೂಲ. 'ಲೀಲಾವತಮ್ಮನ ತೋಟ' ಎಂದರೆ ಸಾಕು, ಆಟೋದವರಿಗೆ ಗೊತ್ತು. ದಾರಿಯಲ್ಲಿ ಗೋಡೆಗಳ ಮೇಲೆ ಹೊಸ ಕರಪತ್ರ ಹಚ್ಚಿದ್ದರೆ ಇಳಿದು ಒಮ್ಮೆ ಓದಿ. ಸ್ತ್ರೀಪಾತ್ರಗಳ ಹೆಸರು ಕೊನೆಯ ಸಾಲಿನಲ್ಲಿ, ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿರುತ್ತದೆ.